ಸಮವಸ್ತ್ರಾಧಿಕರಣ: ಶಾಲಾ ಮಕ್ಕಳ ಉಡುಪನ್ನು ಕುರಿತು ಒಂದು ಶಾಸ್ತ್ರೀಯ ವಿಚಾರ

ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುತ್ತಿದ್ದ ಮೀಮಾಂಸಕರು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಐದು ಅಂಗಗಳಾಗಿ ಬಿಡಿಸಿ ನೋಡದೆ ಕೆಳಗಿಡುತ್ತಿರಲಿಲ್ಲ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಐದೂ ಸೇರಿದರೆ ಒಂದು ಅಧಿಕರಣ. ಇಂಥ ನೂರಾರು ಅಧಿಕರಣಗಳನ್ನು ಕಟ್ಟಿದ ಮಹಾಪಂಡಿತರು ಶಾಲಾ ಮಕ್ಕಳ ಚಡ್ಡಿಯ ಪ್ರಸ್ತಾಪವನ್ನೇ ಮಾಡದೆ ಹೋದದ್ದು ಆ ಶಾಸ್ತ್ರದ ದೊಡ್ಡ ಲೋಪ. ಅದನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಜೂನ್ ಮೊದಲ ವಾರ ಬಟ್ಟೆ ಅಂಗಡಿಯ ಮುಂದೆ ಸರದಿಯಲ್ಲಿ ನಿಂತ ತಂದೆತಾಯಿಯರೆಲ್ಲ ಇದನ್ನು ಓದಲು ಅಧಿಕಾರಿಗಳು. ಮೊದಲು ಲಕ್ಷಣ ಹೇಳೋಣ. ಮಗು ಏನು ತೊಡಬೇಕೆಂದು ಮಗುವೊಂದನ್ನು ಬಿಟ್ಟು ಮಿಕ್ಕವರೆಲ್ಲ ಸೇರಿ ಗೊತ್ತುಮಾಡಿದ್ದೇ ಸಮವಸ್ತ್ರ. ಬರೀ ‘ಬಟ್ಟೆ’ ಎಂದರೆ ಅವ್ಯಾಪ್ತಿ ದೋಷ. ಟೈ, ಬೆಲ್ಟು, ಸಾಕ್ಸು, ಜಡೆಯ ರಿಬ್ಬನ್ನು, ಶನಿವಾರದ ಬಿಳಿ ಕ್ಯಾನ್ವಾಸ್ ಶೂ ಹೊರಗೆ ಉಳಿದುಬಿಡುತ್ತವೆ. ‘ಎಲ್ಲರೂ ತೊಡುವ ಒಂದೇ ಉಡುಪು’ ಎಂದರೆ ಅತಿವ್ಯಾಪ್ತಿ. ಪೊಲೀಸರು, ಬಸ್ ಕಂಡಕ್ಟರುಗಳು, ಮದುವೆಮನೆಯಲ್ಲಿ ಬಡಿಸುವ ಕೇಟರಿಂಗ್ ಹುಡುಗರೂ ಒಳಗೆ ಬಂದುಬಿಡುತ್ತಾರೆ.

ಈ ಉಡುಪು ಮಕ್ಕಳನ್ನು ಸಮಾನರನ್ನಾಗಿ ಮಾಡುತ್ತದೆಯೋ ಇಲ್ಲವೋ ಎಂಬುದು ಸಂಶಯ. ಸಂಶಯ ನಿಜವಾದದ್ದೆಂದು ತೋರಿಸಲು ವಿದ್ವಾಂಸರಲ್ಲೇ ಮತಭೇದವಿರುವುದನ್ನು ತೋರಿಸಬೇಕೆಂಬುದು ನಿಯಮ. ಅದಕ್ಕೆ ದೂರ ಹೋಗಬೇಕಿಲ್ಲ. 2022ರಲ್ಲಿ ಕರ್ನಾಟಕದ ತರಗತಿಗಳಲ್ಲಿ ಹಿಜಾಬ್ ಮತ್ತು ಸಮವಸ್ತ್ರದ ಪ್ರಶ್ನೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿತು; ಅದೇ ವರ್ಷ ಅಕ್ಟೋಬರಿನಲ್ಲಿ ಪೀಠದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು. ಯಾರು ಸರಿ ಎಂಬ ಚರ್ಚೆ ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು. ಇಲ್ಲಿ ಬೇಕಾದದ್ದು ಇಷ್ಟೇ: ಒಂದೇ ಬಗೆಯ ಕಪ್ಪು ಗೌನು ತೊಟ್ಟ ಇಬ್ಬರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡಬಲ್ಲರು ಎಂದಮೇಲೆ, ಎಲ್ಲಿ ಒಂದೇ ಬಟ್ಟೆಯೋ ಅಲ್ಲಿ ಒಂದೇ ಮನಸ್ಸು ಎಂಬ ವ್ಯಾಪ್ತಿಜ್ಞಾನ ದೇಶದ ಅತ್ಯುನ್ನತ ನ್ಯಾಯಾಲಯದಲ್ಲೇ ಭಂಗವಾಯಿತು.

ಪೂರ್ವಪಕ್ಷಿಯ, ಅಂದರೆ ಇಲ್ಲಿ ಸಮವಸ್ತ್ರದ ಪರ ನಿಂತವನ, ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವುದು ಶಿಷ್ಟಾಚಾರ. ಅವನು ಹೇಳುವುದು ಮೂರು ಮಾತು. ಒಂದು, ಸಮಾನತೆ: ಸಾಹುಕಾರನ ಮಗಳೂ ಅವರ ಮನೆಯ ಪಾತ್ರೆ ತೊಳೆಯುವವಳ ಮಗಳೂ ಒಂದೇ ಬಣ್ಣದ ಲಂಗದಲ್ಲಿ ಪ್ರಾರ್ಥನೆಗೆ ನಿಂತರೆ ಯಾರು ಯಾರ ಮಗಳೆಂದು ತಿಳಿಯುವುದಿಲ್ಲ. ಎರಡು, ಶಿಸ್ತು: ಅಂಗಿಯ ಗುಂಡಿ ಸರಿಯಿದ್ದ ಮಗುವಿಗೆ ಮಗ್ಗಿಯೂ ಸರಿಯಾಗಿ ಬರುತ್ತದೆ. ಮೂರು, ಮಿತವ್ಯಯ: ಇಂದು ಯಾವ ಬಟ್ಟೆ ಎಂಬ ಜಗಳ ಬೆಳಿಗ್ಗೆ ಏಳೂವರೆಗೆ ಯಾವ ಮನೆಯಲ್ಲೂ ಏಳುವುದಿಲ್ಲ, ವರ್ಷವಿಡೀ ಎರಡು ಜೊತೆಯಲ್ಲಿ ಕಳೆಯುತ್ತದೆ. ಮೂರನ್ನೂ ಪ್ರಮಾಣಗಳಿಂದ ಒರೆಗೆ ಹಚ್ಚೋಣ. ಶಿಸ್ತಿನದು ಸುಲಭವಾದ್ದರಿಂದ ಅದನ್ನು ಮೊದಲು ಮುಗಿಸಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಗ್ ಬೀಚ್ ನಗರ 1994ರಲ್ಲಿ ತನ್ನ ಸರ್ಕಾರಿ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಲ್ಲಿ ಸಮವಸ್ತ್ರ ಕಡ್ಡಾಯ ಮಾಡಿತು. ಶಾಲೆಗಳಲ್ಲಿ ಹೊಡೆದಾಟ ಇಳಿಯಿತೆಂಬ ವರದಿ ಬಂದದ್ದೇ ತಡ, 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ವಾರ್ಷಿಕ ಭಾಷಣದಲ್ಲೇ ಸಮವಸ್ತ್ರದ ಪರ ಮಾತನಾಡಿದರು. ಆ ನಗರ ಅದೇ ಹೊತ್ತಿಗೆ ಶಾಲಾ ಸುಧಾರಣೆಯ ಬೇರೆ ಕ್ರಮಗಳನ್ನೂ ಕೈಗೊಂಡಿತ್ತು ಎಂಬುದು ಭಾಷಣಕ್ಕೆ ಹಿಡಿಸುವ ಸಂಗತಿಯಲ್ಲ. 1998ರಲ್ಲಿ ಡೇವಿಡ್ ಬ್ರನ್ಸ್‌ಮಾ ಮತ್ತು ಕೆರಿ ಆನ್ ರಾಕ್‌ಕ್ವೆಮೋರ್ ಎಂಬ ಸಮಾಜಶಾಸ್ತ್ರಜ್ಞರು ರಾಷ್ಟ್ರಮಟ್ಟದ ಅಂಕಿಅಂಶ ಹರಡಿಕೊಂಡು ಕೂತು ನೋಡಿದರೆ, ಹಾಜರಾತಿ, ನಡತೆ, ಮಾದಕವಸ್ತು ಬಳಕೆ ಈ ಯಾವುದರ ಮೇಲೂ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ. ಅಂಕಗಳು ಮಾತ್ರ ಕೊಂಚ ಕೆಳಗೇ ಇದ್ದವು. ನಮ್ಮ ತಾರ್ಕಿಕರಿಗೆ ಈ ದೋಷ ಹೊಸದಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕುವ ಕಾಕತಾಳೀಯ ನ್ಯಾಯಕ್ಕೆ ಇಲ್ಲಿ ಟೈ ಕಟ್ಟಲಾಗಿದೆ, ಅಷ್ಟೆ.

ಮಿತವ್ಯಯದ ವಾದಕ್ಕೆ ಶಬ್ದಪ್ರಮಾಣವೇ ಎದುರು ನಿಲ್ಲುತ್ತದೆ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ಮಾಡಿದ ನಿಯಮಗಳಲ್ಲಿ 11ನೆಯದು ಸೂತ್ರಪ್ರಾಯವಾಗಿದೆ: ಶಾಲೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಮುಂದಿನ ಐದು ವರ್ಷ ಬದಲಿಸಕೂಡದು, ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮುಂಚೆ ನೋಟಿಸು ಕೊಡಬೇಕು. ಪ್ರಾಪ್ತಿಯಿಲ್ಲದ ಕಡೆ ನಿಷೇಧವಿಲ್ಲ ಎಂಬುದು ಮೀಮಾಂಸೆಯ ಮಾತು. ಅಂದರೆ, ಯಾರೂ ಮಾಡದ ಕೆಲಸವನ್ನು ಮಾಡಬೇಡ ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಚೌಕಳಿಯ ಬಣ್ಣವನ್ನು ಕಂದಿನಿಂದ ಬೂದಿಗೆ ತಿರುಗಿಸಿ, ಅದು ಊರಿನ ಒಂದೇ ಅಂಗಡಿಯಲ್ಲಿ ಸಿಗುವಂತೆ ಏರ್ಪಾಟು ಮಾಡುವ ಕಲೆ ಬೆಳೆದಿದ್ದರಿಂದಲೇ ನಿಯಮ ಹುಟ್ಟಿತು. ಇದು ನಮ್ಮೊಬ್ಬರ ವ್ಯಾಧಿಯೂ ಅಲ್ಲ. ಸಮವಸ್ತ್ರದ ತವರಾದ ಇಂಗ್ಲೆಂಡು ಅದರ ಖರ್ಚಿಗೆ ಕಡಿವಾಣ ಹಾಕಲೆಂದೇ 2021ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಇನ್ನು ನಮ್ಮ ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಡಿ ಬಟ್ಟೆ ಉಚಿತ. ಎರಡನೇ ಜೊತೆ ಕೊಡಿಸಲು ಮಾತ್ರ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಒಗೆದು ಒಣಗುವವರೆಗೆ ಮಗು ಏನು ತೊಡಬೇಕು ಎಂಬ ಪ್ರಶ್ನೆಗೆ ಶಾಸ್ತ್ರದಲ್ಲೂ ಉತ್ತರವಿರಲಿಲ್ಲ, ಖಜಾನೆಯಲ್ಲೂ ಇರಲಿಲ್ಲ.

ಈಗ ಮುಖ್ಯವಾದ ಸಮಾನತೆಗೆ ಬರೋಣ. ಪ್ರತ್ಯಕ್ಷಪ್ರಮಾಣಕ್ಕಾಗಿ ಐದನೇ ತರಗತಿಯ ಒಂದು ನೀಲಿ ಲಂಗವನ್ನು ಹತ್ತಿರದಿಂದ ನೋಡಬೇಕು. ಬೆಳೆಯುವ ಮಗುವೆಂದು ಎರಡು ಅಳತೆ ದೊಡ್ಡದಾಗಿ ಹೊಲಿಸಿ, ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿ ಹೊಲಿಗೆ ಹಾಕಿರುತ್ತಾರೆ. ಮರುವರ್ಷ ಆ ಹೊಲಿಗೆ ಬಿಚ್ಚಿ ಇಳಿಸಿದಾಗ, ಬಿಸಿಲು ಕಾಣದೆ ಒಳಗಿದ್ದ ಬಟ್ಟೆ ಕಡುನೀಲಿಯಾಗಿಯೇ ಇದ್ದು, ಮೇಲಿನದು ತಿಳಿಯಾಗಿ, ನಡುವೆ ಒಂದು ಗೆರೆ ನಿಲ್ಲುತ್ತದೆ. ಎರಡು ಸಲ ಇಳಿಸಿದರೆ ಎರಡು ಗೆರೆ. ಅಕ್ಕನಿಂದ ತಂಗಿಗೆ ಬಂದದ್ದಾದರೆ ಮೂರು. ಶಾಸನತಜ್ಞರು ಅಕ್ಷರದ ಬಳುಕು ನೋಡಿ ಶತಮಾನ ಹೇಳುವಂತೆ ಈ ಗೆರೆಗಳಿಂದ ಮನೆಯ ವರಮಾನ ಹೇಳಬಹುದು. ಹೇಳುವ ತಜ್ಞರು ಪಕ್ಕದ ಬೆಂಚಿನಲ್ಲೇ ಇರುತ್ತಾರೆ, ಅವರ ವಯಸ್ಸು ಹತ್ತು. ಲಂಗದಲ್ಲಿ ಭೇದ ಕಾಣದಿದ್ದರೆ ಅವರು ಶೂ ನೋಡುತ್ತಾರೆ, ಅದು ಪಾಲಿಶ್ ಹಚ್ಚಿ ಬೆಳ್ಳಗಾದದ್ದೋ ಸೀಮೆಸುಣ್ಣ ತಿಕ್ಕಿ ಬೆಳ್ಳಗಾದದ್ದೋ ಎಂದು. ಶೂ ಒಂದೇ ಆದರೆ ನೀರಿನ ಬಾಟಲಿ, ಬಾಟಲಿ ಒಂದೇ ಆದರೆ ಜಾಮಿಟ್ರಿ ಬಾಕ್ಸು, ಅದೂ ಒಂದೇ ಆದರೆ ಹುಟ್ಟುಹಬ್ಬದ ಕಲರ್ ಡ್ರೆಸ್ಸು ಮತ್ತು ಅಂದು ಹಂಚುವ ಚಾಕಲೇಟು. ಇದರಿಂದ ಭೇದದ ಅವಿನಾಶಿತ್ವ ನಿಯಮ ಸಿದ್ಧಿಸುತ್ತದೆ: ಒಂದು ಕಡೆ ಒತ್ತಿದ ಭೇದ ನಾಶವಾಗದು, ನಿಯಮ ತಲುಪದ ಇನ್ನೊಂದು ಕಡೆಗೆ ಸರಿಯುತ್ತದೆ. ಇದರ ಅರಿವು ಶಾಲೆಗೂ ಇದೆ. ಎಲ್ಲರಿಗೂ ಒಂದೇ ಬಣ್ಣ ತೊಡಿಸಿ ಮುಗಿಸಿದ ಕೂಡಲೇ ಅದು ಮಕ್ಕಳನ್ನು ಕೆಂಪು, ಹಸಿರು, ಹಳದಿ, ನೀಲಿ ಎಂದು ನಾಲ್ಕು ಹೌಸುಗಳಾಗಿ ಒಡೆದು, ನಾಲ್ಕು ಬಣ್ಣದ ಟೀ ಶರ್ಟಿಗೆ ಬೇರೆಯೇ ರಸೀದಿ ಹರಿಯುತ್ತದೆ.

ಇಷ್ಟಾದರೂ ಪೂರ್ವಪಕ್ಷಿ ಸೋಲುವುದಿಲ್ಲ. ‘ಗೆರೆ ಕಾಣುವುದು ಸಣ್ಣ ವಿಷಯ. ದಿನಕ್ಕೊಂದು ಬಟ್ಟೆ ತರುವವರ ನಡುವೆ ಒಂದೇ ಫ್ರಾಕಿನಲ್ಲಿ ವಾರವಿಡೀ ಬರುವ ಮಗುವಿನ ಕಷ್ಟ ದೊಡ್ಡದು. ಸಮವಸ್ತ್ರ ಆ ದೊಡ್ಡ ಅವಮಾನವನ್ನು ಸಣ್ಣದು ಮಾಡುತ್ತದಲ್ಲ?’ ಎನ್ನುತ್ತಾನೆ. ಈ ಆಕ್ಷೇಪ ನಿಜ, ಒಪ್ಪತಕ್ಕದ್ದು. ಆದ್ದರಿಂದಲೇ ಈ ಪ್ರಬಂಧ ಸಮವಸ್ತ್ರವನ್ನು ತೆಗೆದುಹಾಕಿ ಎನ್ನುವುದಿಲ್ಲ. ಮಗುವಿನ ಅಭಿವ್ಯಕ್ತಿ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬ ಇನ್ನೊಂದು ಬಣದ ವಾದವನ್ನೂ ಒಪ್ಪುವುದಿಲ್ಲ. ಟೈ ಗಂಟನ್ನು ಎದೆಯವರೆಗೆ ಇಳಿಸುವುದರಲ್ಲಿ, ಸಾಕ್ಸನ್ನು ಹಿಮ್ಮಡಿಗೆ ಸುರುಳಿ ಸುತ್ತುವುದರಲ್ಲಿ ಮಕ್ಕಳು ತೋರುವ ಪ್ರತಿಭೆಯನ್ನು ಬಲ್ಲವರು ಆ ಸ್ವಾತಂತ್ರ್ಯದ ಬಗ್ಗೆ ಕಳವಳಪಡಬೇಕಿಲ್ಲ. ನಮ್ಮ ತಕರಾರು ಬೇರೆ. ಪೂರ್ವಪಕ್ಷಿ ಮಕ್ಕಳನ್ನು ನೋಡುತ್ತಿರುವುದು ಕಾಂಪೌಂಡಿನ ಒಳಗೆ ನಿಂತು. ಗೇಟಿನ ಹೊರಗೆ ಬಂದು ನೋಡಿದರೆ ಅದೇ ಬಟ್ಟೆ ತಿರುವುಮುರುವಾಗುತ್ತದೆ.

ಸಮವಸ್ತ್ರದ ಹುಟ್ಟೇ ಇದಕ್ಕೆ ಸಾಕ್ಷಿ. 1552ರಲ್ಲಿ ಲಂಡನ್ನಿನಲ್ಲಿ ಆರನೇ ಎಡ್ವರ್ಡನ ಕಾಲಕ್ಕೆ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ತಾನು ಸಾಕುತ್ತಿದ್ದ ಅನಾಥ, ಬಡ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ತೊಡಿಸಿತು. ಧರ್ಮಕ್ಕೆ ಓದುವ ಮಕ್ಕಳೆಂದು ದಾರಿಹೋಕರಿಗೂ ಗೊತ್ತಾಗುತ್ತಿತ್ತು. ದಾನಿಗಳಿಗೆ ತಮ್ಮ ದಾನ ಬೀದಿಯಲ್ಲಿ ನಡೆದಾಡುವುದು ಕಾಣುತ್ತಿತ್ತು. ಉಳ್ಳವರ ಶಾಲೆಗಳು ತಮ್ಮ ತಮ್ಮ ಕೋಟು ಟೋಪಿಗಳನ್ನು ಕಟ್ಟುನಿಟ್ಟು ಮಾಡಿದ್ದು ಆಮೇಲೆ. ಆಗಲೂ ಉದ್ದೇಶ ಗುರುತು ಹಚ್ಚುವುದೇ, ದಿಕ್ಕು ಮಾತ್ರ ಬೇರೆ. ನಮ್ಮ ಯಾವ ಊರಿನ ಬಸ್ ನಿಲ್ದಾಣದಲ್ಲಾದರೂ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಬಹುದು. ಬ್ಲೇಜರ್ ಮತ್ತು ಟೈ ಹಳದಿ ವ್ಯಾನಿಗೆ ಕಾಯುತ್ತದೆ. ಚೌಕಳಿ ಅಂಗಿ ಆಟೋದಲ್ಲಿ ಹತ್ತನೆಯದಾಗಿ ತೂರಿಕೊಳ್ಳುತ್ತದೆ. ಸರ್ಕಾರಿ ನೀಲಿ ನಡೆದು ಹೋಗುತ್ತದೆ. ಮೂವರೂ ಮನೆಯ ಬಟ್ಟೆಯಲ್ಲಿದ್ದಿದ್ದರೆ ಅಪ್ಪನ ಸಂಬಳ ಊಹಿಸಲು ನೋಡುವವರು ಸ್ವಲ್ಪ ಹೆಣಗಬೇಕಿತ್ತು. ಸಮವಸ್ತ್ರ ಆ ಶ್ರಮವನ್ನು ತಪ್ಪಿಸಿದೆ, ಮಗುವಿನ ಎದೆಯ ಮೇಲೆ ಫೀಸಿನ ಪಟ್ಟಿಯನ್ನೇ ಬ್ಯಾಡ್ಜಿನ ರೂಪದಲ್ಲಿ ಹೊಲಿದಿದೆ. ಕಾಂಪೌಂಡಿನ ಒಳಗಿದ್ದವರು ಹೇಗೂ ಹೆಚ್ಚುಕಡಿಮೆ ಒಂದೇ ಫೀಸು ಕಟ್ಟಬಲ್ಲವರು. ಅವರನ್ನು ಸಮ ಮಾಡುವುದು ಪಿಷ್ಟಪೇಷಣ, ಹಿಟ್ಟನ್ನೇ ಮತ್ತೆ ಬೀಸುವ ಕೆಲಸ. ಸಾಹುಕಾರನ ಮಗಳೂ ಪಾತ್ರೆ ತೊಳೆಯುವವಳ ಮಗಳೂ ಒಂದೇ ಪ್ರಾರ್ಥನೆಗೆ ನಿಲ್ಲುತ್ತಾರೆಂಬ ಪೂರ್ವಪಕ್ಷಿಯ ದೃಷ್ಟಾಂತವೇ ಇಲ್ಲಿ ಅಸಿದ್ಧ. ಅವರಿಬ್ಬರು ಒಂದೇ ಶಾಲೆಯಲ್ಲಿ ಇಲ್ಲ.

ಅವರನ್ನು ಒಂದೇ ಶಾಲೆಗೆ ತರುವ ದಾರಿ ಯಾರಿಗೂ ಹೊಳೆಯಲಿಲ್ಲವೆಂದಲ್ಲ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರಲ್ಲೇ ಹೇಳಿತ್ತು: ಒಂದು ನೆರೆಹೊರೆಯ ಮಕ್ಕಳೆಲ್ಲ ಜಾತಿ, ಅಂತಸ್ತು ಎನ್ನದೆ ಆ ನೆರೆಹೊರೆಯ ಶಾಲೆಗೇ ಹೋಗಲಿ ಎಂದು. ಅದಕ್ಕೆ ಕಟ್ಟಡ ಬೇಕು, ಮೇಷ್ಟ್ರು ಬೇಕು, ಹಣ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಬೀದಿಯವರ ಮಗು ನಮ್ಮ ಮಗುವಿನ ಪಕ್ಕದಲ್ಲಿ ಕೂರಲಿ ಎಂಬ ಮನಸ್ಸು ಬೇಕು. ಒಂದೇ ಬಟ್ಟೆಗೆ ಬೇಕಾದದ್ದು ಮಗುವಿಗೆ ಎರಡೋ ಮೂರೋ ಮೀಟರು. ಲಘುವಾದ ಉಪಾಯವಿರುವಾಗ ಗುರುವಾದದ್ದನ್ನು ಹಿಡಿಯಬಾರದೆಂಬ ಲಾಘವ ನ್ಯಾಯವನ್ನು ಅನುಸರಿಸಿ ದೇಶ ಎರಡನೆಯದನ್ನು ಆರಿಸಿಕೊಂಡಿತು. ಸಮಾನತೆಗಳಲ್ಲೆಲ್ಲ ಅತಿ ಅಗ್ಗದ್ದು ಎಂಬುದೇ ಸಮವಸ್ತ್ರದ ನಿಜವಾದ ಗುಣ, ಅದರ ನಿಜವಾದ ದೋಷವೂ ಅದೇ.

ಹಾಗಾದರೆ ನಿರ್ಣಯವೇನು? ಯಾಗದಲ್ಲಿ ಬಟ್ಟಲನ್ನು ಒರೆಸಬೇಕು ಎಂಬ ವಿಧಿ ಏಕವಚನದಲ್ಲಿದೆ. ಒರೆಸುವುದು ಒಂದು ಬಟ್ಟಲನ್ನೋ ಎಲ್ಲ ಬಟ್ಟಲುಗಳನ್ನೋ ಎಂದು ಮೀಮಾಂಸಕರು ಬಹಳ ಚರ್ಚಿಸಿ, ಏಕವಚನಕ್ಕೆ ಇಲ್ಲಿ ತೂಕವಿಲ್ಲ, ಎಲ್ಲವನ್ನೂ ಒರೆಸಬೇಕು ಎಂದು ತೀರ್ಮಾನಿಸಿದರು. ಅದೇ ನ್ಯಾಯದಿಂದ, ಶಾಲೆಯ ಮಕ್ಕಳು ಒಂದೇ ಉಡುಪು ತೊಡಬೇಕು ಎಂಬಲ್ಲಿ ‘ಶಾಲೆ’ಯ ಏಕವಚನಕ್ಕೂ ತೂಕವಿಲ್ಲ, ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಯಿಂದ ಬೀದರಿನ ಸರ್ಕಾರಿ ಶಾಲೆಯವರೆಗೆ ಎಲ್ಲರಿಗೂ ಒಂದೇ ನೀಲಿ, ಅದೂ ಕೈಮಗ್ಗ ನಿಗಮದ ಬಟ್ಟೆ, ಬ್ಯಾಡ್ಜಿಲ್ಲದೆ. ಬಸ್ ನಿಲ್ದಾಣದಲ್ಲಿ ನಿಂತ ಮಗು ಯಾವ ಶಾಲೆಯದೆಂದು ಯಾರಿಗೂ ತಿಳಿಯಬಾರದು. ಇದಕ್ಕೆ ಪೂರ್ವಪಕ್ಷಿಯೇ ಮೊದಲು ಸಿಡಿದೇಳುತ್ತಾನೆ, ‘ಹಾಗಾದರೆ ನಾನು ಇಷ್ಟೊಂದು ಫೀಸು ಕಟ್ಟುವುದು ಯಾತಕ್ಕೆ?’ ಎಂದು. ಸಮಾನತೆಯ ಮೇಲೆ ಅವನಿಗಿದ್ದ ಪ್ರೀತಿಯ ಅಳತೆ ಅಲ್ಲಿಗೆ ಸಿಕ್ಕಂತಾಯಿತು. ನಿರ್ಣಯ ಜಾರಿಗೆ ಬರಲು 11ನೇ ನಿಯಮದಂತೆ ಪೋಷಕರಿಗೆ ಒಂದು ವರ್ಷದ ನೋಟಿಸು ಕೊಡತಕ್ಕದ್ದು. ನಿನ್ನೆಯಷ್ಟೇ ಬಣ್ಣ ಬದಲಿಸಿದ ಶಾಲೆಗಳಿಗೆ ಐದು ವರ್ಷ ಕಾಲಾವಕಾಶ. ತಡವಾಯಿತೆಂದು ಯಾರೂ ಬೇಸರಪಡಬೇಕಿಲ್ಲ. ಒಂದೇ ಶಾಲೆಗಾಗಿ ಮಕ್ಕಳು 1966ರಿಂದ ಕಾಯುತ್ತಿದ್ದಾರೆ. ಒಂದೇ ಬಟ್ಟೆಗಾಗಿ ಇನ್ನೈದು ವರ್ಷ ಕಾಯಲಾರರೇ?