ಕೆಳದಿ ಕಾಲದ ಒಲೆ

ರಿಟೈರಾದ ಗಂಡಸರಿಗೆ ಹಿಡಿಯುವ ಹುಚ್ಚು ಎರಡೇ. ಒಂದು ಹೋಮಿಯೋಪತಿ, ಇನ್ನೊಂದು ಹಳ್ಳಿಯಲ್ಲೊಂದು ಹಳೇ ಮನೆ. ನಮ್ಮ ಭಾವನಿಗೆ ಮೊದಲನೆಯದು ಹಿಡಿದಿದ್ದರೆ ಅಕ್ಕ ಸಕ್ಕರೆ ಗುಳಿಗೆ ಚಪ್ಪರಿಸಿಕೊಂಡು ಮಲ್ಲೇಶ್ವರದಲ್ಲೇ ಹಾಯಾಗಿರುತ್ತಿದ್ದಳು. ಅವಳ ಹಣೆಯಲ್ಲಿ ಬರೆದದ್ದು ಎರಡನೆಯದು. ಸಾಗರದಿಂದ ಒಳಗೆ, ಬಸ್ಸಿಳಿದ ಮೇಲೂ ಅಡಕೆ ತೋಟದ ಅಂಚು ಹಿಡಿದು ನಡೆಯಬೇಕಾದ ಜಾಗದಲ್ಲಿ ಹಂಚಿನ ಮಾಡಿನ ಒಂದು ಮನೆ. ಮುಂದೆ ಅಂಗಳ, ಹಿಂದೆ ಧರೆ, ನಡುವೆ ಪಂಚೆ ಎತ್ತಿಕಟ್ಟಿದ ನಮ್ಮ ಭಾವ.

ಮೊದಲಾಗಿದ್ದರೆ ಈ ಹುಚ್ಚಿಗೆ ಸರ್ಕಾರದ ಹತ್ತಿರವೇ ಮದ್ದಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳ ದೆಸೆಯಿಂದ ಕೃಷಿಕನಲ್ಲದವನು ಸುಲಭಕ್ಕೆ ತೋಟ ಗದ್ದೆಯ ಆಸೆ ಪಡುವ ಹಾಗಿರಲಿಲ್ಲ. 2020ರಲ್ಲಿ ಆ ಕಲಂಗಳನ್ನು ತೆಗೆದುಹಾಕಿದರು. ರೈತರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅಕ್ಕನಿಗೆ ಕೆಟ್ಟದಾಯಿತು ಎಂಬುದರಲ್ಲಿ ಮಾತ್ರ ನಮ್ಮ ಮನೆಯಲ್ಲಿ ಎರಡು ಮಾತಿಲ್ಲ.

ಭಾವನ ತಲೆ ಕೆಟ್ಟದ್ದು ಮಣಿಪಾಲದಲ್ಲಿ ಎಂದು ಅವಳ ಗುಮಾನಿ. ಅಲ್ಲಿನ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಬೀಳಲಿಕ್ಕಾದ ಹಳೇ ಮನೆಗಳನ್ನು ಊರೂರಿನಿಂದ ಬಿಚ್ಚಿ ತಂದು, ಕಂಬಕ್ಕೆ ಕಂಬ ಕೂರಿಸಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಭಾವ ಬಾಯಿ ಬಿಟ್ಟುಕೊಂಡು ನೋಡಿದರಂತೆ. ಅಕ್ಕನೂ ನೋಡಿದಳು. "ಇಲ್ಲಿ ಯಾರೂ ಅಡುಗೆ ಮಾಡೋಲ್ಲವಲ್ಲ, ಅದಕ್ಕೇ ಇಷ್ಟು ಚೊಕ್ಕವಾಗಿದೆ" ಅಂದಳು. ಆ ಮಾತಿಗೆ ಭಾವ ಆವತ್ತೇ ಕಿವಿಗೊಟ್ಟಿದ್ದರೆ ಈ ಹರಟೆಗೆ ಜಾಗವೇ ಇರುತ್ತಿರಲಿಲ್ಲ.

ಮನೆ ಕೊಳ್ಳುವಾಗ ಬುದ್ಧಿ ಇದ್ದವರು ನೋಡುವುದೇನು? ಪಹಣಿ ಯಾರ ಹೆಸರಲ್ಲಿದೆ, ಇಸಿ ತೆಗೆಸಿದ್ದಾರಾ, ಇ-ಸ್ವತ್ತಿನ ನಮೂನೆ 9, 11 ಆಗಿದೆಯಾ, ದಾಯಾದಿಗಳೆಲ್ಲ ರುಜು ಹಾಕುತ್ತಾರಾ. ನಮ್ಮ ಭಾವ ನೇರ ಅಡುಗೆಮನೆಗೆ ನುಗ್ಗಿದರು. ಅಲ್ಲಿಂದ ಹೊರಗೆ ಬಂದವರ ಮುಖ ನೋಡಿಯೇ ಮಾರುವವರು ರೇಟು ಏರಿಸಿರಬೇಕು. ಪಹಣಿ ನೋಡಿದ್ದು ನಮ್ಮ ಚಿಕ್ಕಪ್ಪ. ಅಂದಹಾಗೆ ಮಾರಿದವರು ಆ ದುಡ್ಡಿನಲ್ಲಿ ಬೆಂಗಳೂರಲ್ಲಿ ಫ್ಲ್ಯಾಟ್ ಹುಡುಕುತ್ತಿದ್ದಾರಂತೆ.

ಹೊಟ್ಟೆಕಿಚ್ಚು ಬಿಟ್ಟು ಹೇಳುವುದಾದರೆ ಅಡುಗೆಮನೆ ಚಂದವೇ ಇದೆ. ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಮಾಡಿನಲ್ಲಿ ಬೆಳಕಿಗೆಂದು ಕೂರಿಸಿದ್ದು ಒಂದೇ ಒಂದು ಗಾಜಿನ ಹಂಚು, ಅದೂ ಹೊಗೆ ಕುಡಿದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಎದ್ದು ಬರುತ್ತವೆ. ಮೂಲೆಯಲ್ಲಿ ನೆಲಕ್ಕೆ ಹೂತ ಕಡೆಯುವ ಕಲ್ಲು, ಅದರ ಗುಂಡು. ಬೆಕ್ಕಿಗೆ ಎಟುಕದಂತೆ ಹಾಲು ಮೊಸರು ಇಡಲು ತೊಲೆಯಿಂದ ಇಳಿಬಿಟ್ಟ ನೆಲುವು. ಒಲೆಯಿಂದ ಇಳಿಸಿದ ಮೇಲೂ ಸಾರು ಕುದಿಯುತ್ತಲೇ ಇರುವಂಥ ಬಳಪದ ಕಲ್ಲಿನ ಪಾತ್ರೆ. ಪಾತ್ರೆ ತೊಳೆಯುವ ಜಾಗದ ಪಕ್ಕದ ಕಿಟಕಿ ತೆರೆದರೆ ಎದುರಿಗೇ ಬಾವಿ. ಗಡಗಡೆಯನ್ನು ಅಲ್ಲೇ ನೇತುಹಾಕಿದ್ದಾರೆ. ಜಡಿಮಳೆಯಲ್ಲೂ ಹೊರಗೆ ಕಾಲಿಡದೆ ಒಳಗಿಂದಲೇ ನೀರು ಸೇದಬಹುದು. ಮೇಲೆ ಅಟ್ಟ, ಕರ್ರಗಿನ ಜಂತಿ. ಹೊಗೆ ತಿಂದ ಮರಕ್ಕೆ ಹುಳ ಬೀಳುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿ ತೂಗಿಬಿಟ್ಟ ಸೌತೆಕಾಯಿ ಮಳೆಗಾಲ ಕಳೆಯುವ ತನಕ ಕೆಡದೆ ಉಳಿಯುತ್ತಿತ್ತಂತೆ.

ಭಾವ ಹೆಚ್ಚು ಮರುಳಾದದ್ದು ಮಜ್ಜಿಗೆ ಕಡೆಯುವ ಕಂಬಕ್ಕೆ. ಕಡೆಗೋಲನ್ನು ಕಂಬಕ್ಕೆ ಬಿಗಿಯುತ್ತಿದ್ದ ಹಗ್ಗದ ಕುಣಿಕೆಗಳು ಸುತ್ತಿ ಸುತ್ತಿ ಮರದ ಮೈಯಲ್ಲೇ ಮೇಲೊಂದು ಕೆಳಗೊಂದು ತಗ್ಗು ಬಿದ್ದಿವೆ. ಬೆರಳಾಡಿಸಿದರೆ ಬೆಣ್ಣೆ ಸವರಿದ ಹಾಗೆ ನುಣುಪು. ಎಷ್ಟು ತಲೆಮಾರಿನ ಅತ್ತೆ ಸೊಸೆಯರ ರಟ್ಟೆ ಇಲ್ಲಿ ಸವೆದಿದೆಯೋ ಎಂದು ಭಾವ ಕಣ್ಣು ಒದ್ದೆ ಮಾಡಿಕೊಂಡರು. ಅಕ್ಕ ಎಲ್ಲವನ್ನೂ ಒಂದು ಸುತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ರೀ, ಪ್ಲಗ್ ಪಾಯಿಂಟ್ ಎಲ್ಲಿದೆ?"

ಇನ್ನು ಒಲೆ. ಮಣ್ಣು ಮೆತ್ತಿದ ದಿಂಡು, ಅದರಲ್ಲಿ ಮೂರು ಪಾತ್ರೆ ಕೂರುವಂತೆ ಮೂರು ಗುಂಡಿ. ಸೌದೆ ಹಾಕಲು ಮಾತ್ರ ಒಂದೇ ಬಾಯಿ, ಬಾಯಿಗೊಂದು ಮುಚ್ಚಳ. ಹಿಂದಿನಿಂದ ಹೊರಟು ಹಂಚು ದಾಟಿ ಹೋಗುವ ಹೊಗೆಕೊಳವೆ. ಗೃಹಪ್ರವೇಶಕ್ಕೆ ಬಂದವರನ್ನೆಲ್ಲ ಭಾವ ಕೈಹಿಡಿದು ಎಳೆದೊಯ್ದು ಅದರ ಮುಂದೆ ನಿಲ್ಲಿಸುತ್ತಿದ್ದರು. "1763ರಲ್ಲಿ ಹೈದರಾಲಿ ಬಿದನೂರು ಹಿಡಿಯೋವರೆಗೂ ಈ ಸೀಮೆ ಆಳಿದವರು ಕೆಳದಿ ನಾಯಕರು. ಇದು ಆ ಕಾಲದ ಜಾಣ್ಮೆ. ಒಂದೇ ಉರಿ, ಮೂರು ಪಾತ್ರೆ, ಹೊಗೆಯ ಸುಳಿವಿಲ್ಲ! ನಮ್ಮ ಹಿರಿಯರು ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದರು?"

"ಹೊಗೆಯೇ ಬರದಿದ್ದರೆ ಜಂತಿ ಕರ್ರಗಾದದ್ದು ಹೇಗೆ ಭಾವ?" ಅಂದೆ.

"ಅದು ಬೇರೆ ಹೊಗೆ" ಅಂದರು. ನಾದಿನಿಯರ ಪ್ರಶ್ನೆಗೆ ಅಷ್ಟು ಉತ್ತರ ಸಾಕು ಎಂಬುದು ಅವರ ಲೆಕ್ಕ.

ಗುಟ್ಟು ರಟ್ಟಾದದ್ದು ಪಕ್ಕದ ತೋಟದ ಹಿರಿಯರಿಂದ. ಕವಳದ ಬಾಯಲ್ಲೇ ಕೆಳದಿ ನಾಯಕರ ಕಥೆಯನ್ನೆಲ್ಲ ಕೇಳಿ, ಅಂಗಳದಾಚೆ ಹೋಗಿ ಉಗಿದು ಬಂದು ಹೇಳಿದರು: "ಇದಾ? ಇದು ಅಸ್ತ್ರ ಒಲೆ ಮಾರಾಯ್ರೆ. ಎಂಬತ್ತೈದೋ ಎಂಬತ್ತಾರೋ ಇರಬೇಕು, ಇಲ್ಲಿದ್ದ ಕೋಡೊಲೆ ಒಡೆದು ಹಾಕಿಸಿದ್ದು. ಇದು ನಿಮ್ಮ ಬೆಂಗಳೂರಿಂದ ಬಂದದ್ದು, ಟಾಟಾ ಇನ್‌ಸ್ಟಿಟ್ಯೂಟಿಂದ!"

ಹಿರಿಯರ ಮಾತು ಸುಳ್ಳಲ್ಲ. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಒದಗುವ ವಿಜ್ಞಾನ ಮಾಡೋಣವೆಂದು ಒಂದು ತಂಡ ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಅಸ್ತ್ರ' ಆಯಿತು. ಎಂಬತ್ತರ ದಶಕದಲ್ಲಿ ಅಲ್ಲಿಂದ ಹೊರಟ ಒಲೆ ಕರ್ನಾಟಕದ ಊರೂರು ತಿರುಗಿತು. ಬೂದಿ ಕೆಳಗೆ ಉದುರಲು, ಗಾಳಿ ಮೇಲೇರಲು ಒಳಗೊಂದು ಕಬ್ಬಿಣದ ಜಾಲರಿ. ಉರಿಯ ಶಾಖ ಮೊದಲ ಪಾತ್ರೆಯ ತಳ ಸವರಿ, ಎರಡನೆಯದನ್ನು ಮುಟ್ಟಿ, ಅಳಿದುಳಿದದ್ದರಲ್ಲಿ ಮೂರನೆಯದನ್ನೂ ಬಿಸಿ ಮಾಡಿ, ಆಮೇಲೆ ಕೊಳವೆ ಹತ್ತುತ್ತದೆ. ಮುಂದೆ ಅನ್ನ, ನಡುವೆ ಸಾರು, ಹಿಂದೆ ಬಿಸಿನೀರು. ಪಾತ್ರೆ ಮಾತ್ರ ಗುಂಡಿಗೆ ಸರಿಯಾಗಿ ಕೂರಬೇಕು, ಸಂದು ಬಿಟ್ಟರೆ ಹೊಗೆ ಅಲ್ಲೇ ಆಚೆ ಬರುತ್ತದೆ. ಭಾವ ಒಂದು ದಿನ ಪುಟ್ಟ ಪ್ರೆಶರ್ ಕುಕ್ಕರ್ ಇಟ್ಟು ಇದನ್ನು ಮನೆಮಂದಿಗೆಲ್ಲ ಪ್ರಯೋಗಸಮೇತ ತೋರಿಸಿಕೊಟ್ಟರು.

ನನಗೆ ನಗು ತಡೆಯಲಾಗದ ಸಂಗತಿ ಇನ್ನೊಂದಿದೆ. ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ಕೆಳಗೆ ಭಾವ ವರ್ಷಗಟ್ಟಲೆ ಬೆಳಗಿನ ವಾಕಿಂಗ್ ಮಾಡಿದವರು. ಕೊನೆಗೆ 350 ಕಿಲೋಮೀಟರ್ ದಾಟಿ ಬಂದು, ಪ್ರಾವಿಡೆಂಟ್ ಫಂಡ್ ಪೂರ್ತಿ ಸುರಿದು, ತಾವು ದಿನಾ ಪ್ರದಕ್ಷಿಣೆ ಹಾಕುತ್ತಿದ್ದ ಕಾಂಪೌಂಡಿನ ಒಲೆಯನ್ನೇ ಪುರಾತನವೆಂದು ಕೊಂಡರಲ್ಲ! ಆ ರಾತ್ರಿ ಭಾವ ಎರಡನೇ ಸಲ ಸಾರು ಬಡಿಸಿಕೊಳ್ಳಲಿಲ್ಲ.

ಬೆಳಗಾಗುವಷ್ಟರಲ್ಲಿ ಹೊಸ ಯೋಜನೆ ತಯಾರು: ಈ ಒಲೆ ಒಡೆಸಿ ಹಿಂದಿನ ಕೋಡೊಲೆಯನ್ನೇ ಮತ್ತೆ ಕಟ್ಟಿಸುವುದು. ಒಂದು ಬಾಯಲ್ಲಿ ಉರಿ, ಪಕ್ಕದ ಕೋಡಿಗೆ ಹಾಯುವ ಶಾಖದಲ್ಲಿ ಹಾಲು ಬೆಚ್ಚಗೆ. ಹೊಗೆಗೆ ಕೊಳವೆಯಿಲ್ಲ, ಅದು ಅಡುಗೆಯವಳ ಕಣ್ಣಿನ ಮುಖಾಂತರವೇ ಹೋಗಬೇಕು. ಆಗ ಅಕ್ಕ ಬಾಯಿ ಬಿಟ್ಟಳು. "ಈ ಒಲೆಗೆ ಹಾರೆ ತಾಗಿದರೆ ನಾನು ಸಾಗರದಲ್ಲಿ ಬೆಂಗಳೂರಿನ ಬಸ್ಸು ಹತ್ತೋದೇ. ಆಮೇಲೆ ಕೋಡೊಲೆಯಲ್ಲಿ ನೀವೇ ಹಾಲು ಬೆಚ್ಚಗೆ ಮಾಡ್ಕೊಳ್ಳಿ." ಪ್ಲಗ್ ಪಾಯಿಂಟ್ ಕೇಳಿದ್ದ ಅಕ್ಕ ಅಸ್ತ್ರ ಒಲೆಯ ಪಕ್ಷ ಸೇರಿದ್ದಳು. ಹಳೇ ಅಡುಗೆಮನೆಯ ಸೊಬಗು ಹೊಗಳುವವರಲ್ಲಿ ಊದುಗೊಳವೆ ಹಿಡಿದವರು ಕಡಿಮೆ ಎಂಬುದು ನನ್ನ ಅನುಮಾನ. ಆ ಮನೆಯಲ್ಲಿದ್ದ ಹೆಂಗಸರು ಕೋಡೊಲೆ ಒಡೆದ ದಿನ ಪಾಯಸ ಮಾಡಿದ್ದರೂ ಆಶ್ಚರ್ಯವಿಲ್ಲ.

ಅಕ್ಕಪಕ್ಕದ ಮನೆಗಳಲ್ಲಂತೂ ಅಸ್ತ್ರ ಒಲೆಯ ಕಾಲವೂ ಮುಗಿದಿದೆ. ಗ್ರಾನೈಟ್ ಕಟ್ಟೆ, ಗ್ಯಾಸು, ಗುಂಡಿ ಒತ್ತಿದರೆ ಗುರ್ರೆನ್ನುವ ಚಿಮಣಿ. ಕಡೆಯುವ ಕಲ್ಲು ಕೊಟ್ಟಿಗೆಯ ಹಿಂದೆ ಬೋರಲು ಬಿದ್ದಿದೆ. ಅದನ್ನೂ ಕೊಡುತ್ತೀರಾ ಎಂದು ಭಾವ ಕೇಳಿದರು. ಹಿರಿಯರು ಪುಕ್ಕಟೆ ಒಯ್ಯಿರಿ ಅಂದರು, ಹೊರುವ ಆಳನ್ನು ಮಾತ್ರ ನೀವೇ ತನ್ನಿ ಅಂದರು. ಕಲ್ಲು ಇನ್ನೂ ಅಲ್ಲೇ ಇದೆ.

ಆಮೇಲೆ ಮಳೆ ಹಿಡಿಯಿತು. ಲೈನಿನ ಮೇಲೆ ಎಲ್ಲೋ ಮರ ಬಿದ್ದು ಊರಿಗೆ ಊರೇ ಕತ್ತಲು. ಚಿಮಣಿಗಳು, ಮಿಕ್ಸಿಗಳು ಎಲ್ಲ ಮೌನವ್ರತ. ಕರೆಂಟು ಬರುವ ಲಕ್ಷಣವಿಲ್ಲ ಎಂದಾದಾಗ ಹಿರಿಯರ ಮನೆಯ ಅಜ್ಜಿ ನೆನೆಹಾಕಿದ ಅಕ್ಕಿಯ ಪಾತ್ರೆ ಸೊಂಟಕ್ಕಿಟ್ಟುಕೊಂಡು, ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದಳು. ಬಂದವಳೇ ಕಲ್ಲಿಗೆ ನೀರು ಸೋಕಿಸಿ ತೊಳೆದು, ಒಂದು ಕಾಲು ಚಾಚಿ ಕೂತು ಗುಂಡು ತಿರುಗಿಸತೊಡಗಿದಳು. ಭಾವನಿಗೆ ಜನ್ಮ ಸಾರ್ಥಕವಾಯಿತು. ಮೊಬೈಲ್ ಹಿಡಿದು ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಫೋಟೋ ತೆಗೆಯುತ್ತಾ ಸುತ್ತಿದರು.

"ಪಟ ಆಮೇಲೆ ತೆಗೀರಿ ಮಾರಾಯ್ರೆ, ಇಲ್ಲಿ ಕೂತು ಅಕ್ಕಿ ತಳ್ಳಿ" ಅಂದಳು ಅಜ್ಜಿ.

ಗುಂಡು ತಿರುಗುವ ಕಲ್ಲಿಗೆ ಬೆರಳು ಜಜ್ಜಿಸಿಕೊಳ್ಳದೆ ಹಿಟ್ಟು ಒಳಗೆ ತಳ್ಳುವುದು ಸಣ್ಣ ವಿದ್ಯೆಯಲ್ಲ. ಭಾವ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಕೂತರು, ಮೂಗಿನ ತುದಿಗೂ ಹಿಟ್ಟು. ಮುಗಿದ ಮೇಲೆ ಅಜ್ಜಿ ಪಾತ್ರೆ ಎತ್ತಿಕೊಂಡು ಅಕ್ಕನಿಗೆ ಹೇಳಿದಳು: "ನಿಮ್ಮ ಯಜಮಾನ್ರು ಅಡ್ಡಿಲ್ಲ, ಕಲೀತಾರೆ. ನಾಳೆಯಿಂದ ಅಕ್ಕಿ ಮಾತ್ರ ಕಳಿಸ್ತೇನೆ."