ಟೆಂಡರ್ ಕರೆದಿದ್ದಾರೆ

"ಅಣ್ಣಾ, ಏಳು, ಟೆಂಡರ್ ಕರೀತಿದ್ದಾರೆ!"

ನನ್ನ ಷಡ್ಡಕ ಕ್ಯಾಬಿನ್ನಿನ ಬಾಗಿಲು ಬಡಿದಾಗ ಬೆಳಗಿನ ಏಳು ಗಂಟೆ. ಕೊಚ್ಚಿಯಿಂದ ಹಿಂದಿನ ದಿನ ಹೊರಟ ಹಡಗು ರಾತ್ರಿಯೆಲ್ಲ ತೂಗಿ ತೂಗಿ, ನನ್ನ ಹೊಟ್ಟೆಯಲ್ಲಿದ್ದುದನ್ನೂ ತೂಗಿ ನೋಡಿ, ಲಕ್ಷದ್ವೀಪದ ಕವರತ್ತಿಯ ಎದುರು ಬಂದು ನಿಂತಿತ್ತು. ನಮ್ಮ ಚಿಂತಾಮಣಿ ಕಡೆ ಟೆಂಡರ್ ಅಂದರೆ ಕೆರೆಯ ಹೂಳು, ಸಂತೆಯ ಸುಂಕ, ರಸ್ತೆಯ ಡಾಂಬರು. ಷಡ್ಡಕನೋ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ಗೂಡು ಕೊಂಡು ನೂಲು ತೆಗೆಸಿದವನು. ಹರಾಜಿನ ವಾಸನೆ ಬಡಿದರೆ ನಿದ್ದೆಯಲ್ಲೂ ಎದ್ದು ಕೂರುತ್ತಾನೆ.

"ಯಾವುದರ ಟೆಂಡರೋ?"

"ಗೊತ್ತಿಲ್ಲ. ಮೈಕಲ್ಲಿ ನಂಬರ್ ಹಿಡಿದು ಕೂಗ್ತಿದ್ದಾರೆ. ನಮ್ಮದು ನಾಲ್ಕನೇ ಲಾಟು."

ಕೆಳಗೆ ಹೋಗಿ ನೋಡಿದರೆ ಹರಾಜೂ ಇಲ್ಲ, ಗುತ್ತಿಗೆಯೂ ಇಲ್ಲ. ದೊಡ್ಡ ಹಡಗಿನಿಂದ ಜನರನ್ನು ದಡಕ್ಕೆ ಸಾಗಿಸುವ ಚಿಕ್ಕ ದೋಣಿಗೆ ಟೆಂಡರ್ ಅನ್ನುತ್ತಾರಂತೆ. ಪಕ್ಕದಲ್ಲಿದ್ದು ಊಳಿಗ ಮಾಡುವುದು ಎಂಬರ್ಥದ ಇಂಗ್ಲಿಷ್ ಧಾತುವಿನಿಂದ ಹುಟ್ಟಿದ ಮಾತು. ಉಗಿಬಂಡಿಯ ಹಿಂದೆ ಕಲ್ಲಿದ್ದಲು, ನೀರು ಹೊತ್ತು ಬರುತ್ತಿದ್ದ ಡಬ್ಬಿಗೂ ಅದೇ ಹೆಸರಿತ್ತು. ನಮ್ಮ ಪಂಚಾಯಿತಿಯ ಟೆಂಡರಿನ ಅರ್ಥ ಬೇರೆ, ಅದರಲ್ಲಿ ಯಾರು ಯಾರ ಊಳಿಗ ಮಾಡುತ್ತಾರೆ ಎಂಬುದೂ ಬೇರೆ ವಿಚಾರ.

ಇಷ್ಟು ದೊಡ್ಡ ಹಡಗಿಗೆ ಅಷ್ಟು ದೂರ ಹೋಗಲು ಏನು ರೋಗ ಎಂದು ನನ್ನಾಕೆ ಕೇಳಿದಳು. ರೋಗ ಹಡಗಿನದಲ್ಲ. ಈ ದ್ವೀಪಗಳ ಮಗ್ಗುಲಿಗೆ ಹವಳದ ದಿಬ್ಬ ಕೋಟೆಗೋಡೆಯಂತೆ ಬೆಳೆದಿದೆ. ಗೋಡೆಯಾಚೆ ಕಡಲು ಏಕಾಏಕಿ ಪಾತಾಳಕ್ಕಿಳಿಯುತ್ತದೆ. ಈಚೆ ಒಳಗೆ ತಿಳಿನೀರಿನ ಲಗೂನು, ಕೆಲವು ಕಡೆ ಎದೆಮಟ್ಟ, ಕೆಲವು ಕಡೆ ಆಳುದ್ದ. ಹಡಗಿನ ಹೊಟ್ಟೆ ನೀರೊಳಗೆ ಮೂರಾಳು ಇಳಿದಿರುತ್ತದೆ. ಅದು ಒಳಗೆ ಬಂದರೆ ಕೆಸರಿಗಿಳಿದ ಎಮ್ಮೆಯ ಹಾಗೆ ಕೂತೇಬಿಡುತ್ತದೆ. ಹಾಗಾಗಿ ದೊಡ್ಡದು ಹೊರಗೇ ನಿಲ್ಲಬೇಕು, ಚಿಕ್ಕದು ಬಂದು ಕರೆದೊಯ್ಯಬೇಕು.

"ಅಂದ್ರೆ ಕ್ರಾಸು" ಎಂದಳು.

ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದ ನನಗೆ ಹೊಳೆಯದ ಉಪಮೆ. ಬೆಂಗಳೂರಿನಿಂದ ಬರುವ ದೊಡ್ಡ ಬಸ್ಸು ನಮ್ಮೂರಿಗೆ ಯಾವತ್ತು ಬಂದಿದೆ? ಎಚ್ ಕ್ರಾಸಿನಲ್ಲಿ ಶಿಡ್ಲಘಟ್ಟದವರನ್ನು, ಕೈವಾರ ಕ್ರಾಸಿನಲ್ಲಿ ನಮ್ಮಂಥವರನ್ನು ಉದುರಿಸಿ ಹೋಗುತ್ತದೆ. ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಾದರೆ ಚದಲಪುರ ಕ್ರಾಸು. ಅಲ್ಲಿಂದ ಮುಂದೆ ಶೇರ್ ಆಟೊ, ಮೂರು ಜನರ ಸೀಟಿನಲ್ಲಿ ಐವರು, ಡ್ರೈವರನ ಎರಡು ಪಕ್ಕಕ್ಕೆ ಇಬ್ಬರು, ಹಿಂದೆ ಹುಲ್ಲಿನ ಹೊರೆ. ಎಷ್ಟು ದೂರದಿಂದ ಬಂದರೂ, ಎಂಥ ಎ.ಸಿ. ಬಸ್ಸಿನಲ್ಲಿ ಬಂದರೂ, ಮನೆ ಮುಟ್ಟಿಸುವವನು ಆಟೊದವನೇ.

ಆಟೊಗೂ ಈ ದೋಣಿಗೂ ಇರುವ ವ್ಯತ್ಯಾಸ ಒಂದೇ: ಆಟೊ ಮೇಲೆ ಕೆಳಗೆ ಹೋಗುವುದಿಲ್ಲ. ಹೋದರೂ ನಮ್ಮ ರಸ್ತೆಯ ಗುಂಡಿಗಳಲ್ಲಿ ಮಾತ್ರ.

ಹಡಗಿನ ಪಕ್ಕೆಯಲ್ಲಿ, ನೀರಿಗೆ ಹತ್ತಿರದಲ್ಲಿ, ಒಂದು ಬಾಗಿಲು ತೆರೆಯುತ್ತಾರೆ. ಹೊರಗೆ ದೋಣಿ ಹಗ್ಗ ಹಿಡಿದುಕೊಂಡು ನಿಂತಿರುತ್ತದೆ. ನಿಂತಿರುತ್ತದೆ ಎಂದರೆ ತಪ್ಪು, ಕುಣಿಯುತ್ತಿರುತ್ತದೆ. ಒಂದು ಕ್ಷಣ ಹೊಸಿಲ ಸಮಕ್ಕೆ ಬಂದು "ಬಾರಪ್ಪ" ಎನ್ನುತ್ತದೆ, ಮರುಕ್ಷಣ ನಾಲ್ಕಡಿ ಕೆಳಗೆ ಕುಸಿದು "ನೀನ್ಯಾರೋ" ಎನ್ನುತ್ತದೆ. ಗಾಳಿಗೆ ಹಡಗೇ ಬೆನ್ನು ಕೊಟ್ಟು ನಿಂತು ದೋಣಿಯ ಕಡೆ ಅಲೆ ತಗ್ಗಿಸುತ್ತದೆ. ತಗ್ಗಿಸಿದ ಮೇಲಿನ ಕುಣಿತ ಇದು. ಬಾಗಿಲಲ್ಲಿ ಇಬ್ಬರು ಖಲಾಸಿಗಳು, ದೋಣಿಯಲ್ಲಿ ಇಬ್ಬರು. ಅವರು ಅಂಗೈ ಹಿಡಿಯುವುದಿಲ್ಲ, ಬೆವರಿದ ಅಂಗೈ ಜಾರುತ್ತದೆ. ಮುಂಗೈ ಹಿಡಿಯುತ್ತಾರೆ, ನಾವೂ ಅವರ ಮುಂಗೈ ಹಿಡಿಯಬೇಕು. ಜಿಗಿಯಕೂಡದು. ದೋಣಿ ಮೇಲೆ ಬಂದಾಗ ಹೊಸಿಲು ದಾಟುವ ಹಾಗೆ ಸುಮ್ಮನೆ ಕಾಲಿಡಬೇಕು. "ಮೆಲ್ಲೆ, ಮೆಲ್ಲೆ" ಎಂದ ದೋಣಿಯವನು. ಆತನ ಮಲಯಾಳದಲ್ಲಿ ನನಗೆ ಅರ್ಥವಾದದ್ದು ಅದೊಂದೇ ಮಾತು, ಬೇಕಾದದ್ದೂ ಅದೊಂದೇ.

ನನ್ನ ಷಡ್ಡಕ ಬಾಗಿಲಲ್ಲಿ ನಿಂತು ಅಲೆಯ ರೇಟು ನೋಡತೊಡಗಿದ. ಒಂದು ಬಂತು, ಬಿಟ್ಟ. ಎರಡು ಬಂತು, ಅದನ್ನೂ ಬಿಟ್ಟ. ಇನ್ನೂ ಒಳ್ಳೆಯ ಅಲೆ ಬರಬಹುದೆಂಬ ವ್ಯಾಪಾರದ ಬುದ್ಧಿ. ಹಿಂದಿನವರು ಗೊಣಗಿದರು. ಮೂರನೆಯದಕ್ಕೆ ಖಲಾಸಿಗಳು ಕೇಳದೆಯೇ ಅವನನ್ನು ಎತ್ತಿ ಆ ಕಡೆ ಇಟ್ಟರು, ಗೂಡಿನ ಬುಟ್ಟಿ ಇಟ್ಟಂತೆ. ಬಲಗಾಲಿನ ಚಪ್ಪಲಿ ಅರಬ್ಬೀ ಸಮುದ್ರದ ಪಾಲಾಯಿತು.

ನನ್ನಾಕೆ ಸೀರೆಯ ನೆರಿಗೆ ಎಡಗೈಯಲ್ಲಿ ಹಿಡಿದು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಮೇಲೆ ವ್ಯಾನಿಟಿ ಬ್ಯಾಗು ಏರಿಸಿಕೊಂಡು, ಒಂದೇ ಸಲಕ್ಕೆ ದಾಟಿ ಕೂತಳು. ಖಲಾಸಿ ಮೆಚ್ಚಿ ತಲೆಯಾಡಿಸಿದ. ಆಮೇಲೆ ಕೇಳಿದಾಗ ಹೇಳಿದಳು: "ಗೌರಿಬಿದನೂರಿನ ಪ್ರೈವೇಟ್ ಬಸ್ಸು ಯಾವತ್ತಾದ್ರೂ ಪೂರ್ತಿ ನಿಂತಿದ್ದು ನೋಡಿದೀರೇನ್ರಿ?"

ಅವಳ ತವರು ಗೌರಿಬಿದನೂರು, ಉತ್ತರ ಪಿನಾಕಿನಿಯ ದಂಡೆ. ನಂದಿಯ ಗಿರಿಸಾಲಿನಲ್ಲಿ ಹುಟ್ಟುವ ನದಿ ಅದು. ಅವಳ ಬಾಲ್ಯದಲ್ಲಿ ಹೊಳೆ ಎಂದರೆ ಮರಳು. ಮರಳಲ್ಲಿ ಒರತೆ ತೋಡಿ, ತಿಳಿಯಾಗುವ ತನಕ ಕಾದು, ಚೊಂಬಿನಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದರಂತೆ. ನಮ್ಮೂರ ಬಾವಿಗಳಲ್ಲಿ ನಾವು ಈಜು ಕಲಿತೆವು. ನಮ್ಮ ಮಕ್ಕಳ ಕಾಲಕ್ಕೆ ಆ ಬಾವಿಗಳಲ್ಲಿ ಲಂಟಾನ ಬೆಳೆದಿತ್ತು. ಈಗ ನೀರು ಬೇಕೆಂದರೆ ಸಾವಿರ, ಸಾವಿರದೈನೂರು ಅಡಿ ಕೊರೆಸಬೇಕು. ಹವಳದ ಗೋಡೆಯಾಚೆ ಕಡಲಿಗೂ ಅಂಥದೇ ಆಳ. ಆದರೆ ಇಲ್ಲಿ ನೀರು ಮೇಲಿನಿಂದಲೇ ಶುರುವಾಗುತ್ತದೆ ಎಂದು ಷಡ್ಡಕ ಒಂಟಿ ಚಪ್ಪಲಿಯಲ್ಲಿ ಕೂತು ಹೊಟ್ಟೆಕಿಚ್ಚುಪಟ್ಟ. ಇತ್ತೀಚೆಗೆ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನವರು ಮಿಂದು ಬಿಟ್ಟ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಆಗಲಿ ಎಂದು ಜನ ಕೇಳುತ್ತಲೇ ಇದ್ದಾರೆ. ನಾನೂ ಕೇಳುವವರ ಗುಂಪಿನವನು. 2021ರಲ್ಲಿ ಮಾತ್ರ ಮಳೆಯೇ ನೆಟ್ಟಗೆ ಬಂದು, ಕಂದವಾರ ಕೆರೆ ಕೋಡಿ ಬಿದ್ದು, ಚಿಕ್ಕಬಳ್ಳಾಪುರದ ಬೀದಿಗಳಿಗೇ ನೀರು ನುಗ್ಗಿತ್ತು. ಆ ವಾರ ನಮಗೂ ಟೆಂಡರ್ ದೋಣಿ ಬೇಕಾಗಿತ್ತು.

ದೋಣಿ ಹವಳದ ಗೋಡೆಯ ಸಂದಿಯಲ್ಲಿ ನುಸುಳಿ ಒಳಗೆ ಬಂದ ಕೂಡಲೇ ಕುಣಿತ ನಿಂತಿತು. ನೀರು ಹಸಿರಾಯಿತು. ತಳದ ಮರಳು ಕಂಡಿತು. ಎಲ್ಲರಿಗೂ ಮಾತು ಬಂತು.

ಒಬ್ಬ ದೊಡ್ಡವರೂ ನಮ್ಮ ಕಡೆಯಿಂದ ಹೀಗೆ ಹೋಗಿದ್ದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು 1906ರಲ್ಲಿ ಸರ್ಕಾರ ಏಡನ್ನಿಗೆ ಕಳಿಸಿತು. ಆಗ ಏಡನ್ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯೂ ಹಡಗುಗಳು ದೂರ ಲಂಗರು ಹಾಕುತ್ತಿದ್ದವು, ಜನ ದೋಣಿಗಳಲ್ಲಿ ದಡಕ್ಕೆ ಬರುತ್ತಿದ್ದರು. ಪೇಟ ಕದಲದಂತೆ, ಕೋಟಿನ ಗುಂಡಿ ಬಿಚ್ಚದಂತೆ ಅವರು ಹೇಗೆ ದಾಟಿರಬೇಕೆಂದು ಯೋಚಿಸಿದೆ. ಅಲೆಯೇ ಸಮಯಕ್ಕೆ ಸರಿಯಾಗಿ ಬಂದಿರಬೇಕು. ಅವರು ಹೋದದ್ದು ಆ ಊರಿನ ಕುಡಿಯುವ ನೀರಿನ, ಚರಂಡಿಯ ಕೆಲಸಕ್ಕೆ. ಮಳೆಯೇ ಅಪರೂಪವಾದ ಏಡನ್ನಿನಲ್ಲಿ ಬಂಡೆ ಕೊರೆದ ಹಳೇ ಕೊಳಗಳಿವೆ. ನಂದಿಯ ತಪ್ಪಲಿನ ಹುಡುಗನಿಗೆ ಅವು ಹೊಸತೆನಿಸಿರಲಾರವು.

ಕರಾವಳಿಯವರಿಗಂತೂ ಇದೆಲ್ಲ ಹಳೇ ಪುರಾಣ. ಪಣಂಬೂರಿನ ಹೊಸ ಬಂದರು ಎಪ್ಪತ್ತರ ದಶಕದಲ್ಲಿ ಬರುವವರೆಗೆ ಮಂಗಳೂರಿನಲ್ಲಿ ದೊಡ್ಡ ಹಡಗು ಕಡಲಲ್ಲೇ ನಿಲ್ಲುತ್ತಿತ್ತು, ಸರಕು ದೋಣಿಯಲ್ಲಿ ದಕ್ಕೆ ಸೇರುತ್ತಿತ್ತು. ಲಕ್ಷದ್ವೀಪದ ಬಡಗಣ ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು ಹೊತ್ತು ಮಂಗಳೂರಿಗೆ ಬರುತ್ತಿದ್ದ ದ್ವೀಪದ ಓಡಗಳು ಅಕ್ಕಿ ತುಂಬಿಕೊಂಡು ಹಿಂತಿರುಗುತ್ತಿದ್ದವು. ಅದಕ್ಕೂ ಹಿಂದೆ, 1780ರ ದಶಕದಲ್ಲಿ, ಅಮಿನಿಯೂ ನಮ್ಮ ನಂದಿದುರ್ಗವೂ ಒಬ್ಬನೇ ಟಿಪ್ಪುವಿನ ಕೈಕೆಳಗಿದ್ದವು. ಇದನ್ನು ಷಡ್ಡಕನಿಗೆ ಹೇಳಿದೆ. "ಹಾಗಾದ್ರೆ ನಮ್ಮದೇ ಊರಿಗೆ ಬರೋದಕ್ಕೆ ಪರ್ಮಿಟ್ ಯಾಕೆ ತಗೊಂಡ್ರು?" ಎಂದ.

ದಡದಲ್ಲಿ ಎಳನೀರು ಕೊಟ್ಟರು. "ಇದಕ್ಕೂ ಟೆಂಡರ್ ಅಂತಾನೇ ಅಂತಾರೆ" ಎಂದು ನಾದಿನಿ ಗಂಡನನ್ನು ಛೇಡಿಸಿದಳು. ಇಡೀ ದಿನದಲ್ಲಿ ಅವನ ಕೈಸೇರಿದ ಟೆಂಡರ್ ಅದೊಂದೇ.

ಸಂಜೆ ವಾಪಸು ಹಡಗು ಹತ್ತುವುದು ಇಳಿದಷ್ಟು ಸುಲಭವಾಗಿರಲಿಲ್ಲ. ಗಾಳಿ ಎದ್ದಿತ್ತು. ಆದರೆ ಷಡ್ಡಕ ಈ ಸಲ ಮೊದಲನೇ ಅಲೆಗೇ ಕಾಲಿಟ್ಟ. ಎಡಗಾಲಿನ ಚಪ್ಪಲಿಯನ್ನು ದೋಣಿಯಲ್ಲೇ ಬಿಟ್ಟು ಬಂದ, ಜೋಡಿಯಿಲ್ಲದ್ದು ಯಾಕೆಂದು. ಮಾರನೆಯ ದಿನ ಮಿನಿಕಾಯ್‌ಗೆ ಹೋಗಿ 1885ರ ದೀಪಸ್ತಂಭದ ಮೇಲೆ ನಿಂತಾಗ ನಮ್ಮ ಹಡಗು ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಂಡಿತು. ದೋಣಿಗಳು ಅದಕ್ಕೂ ದಡಕ್ಕೂ ನಡುವೆ ಇರುವೆಗಳ ಹಾಗೆ ಓಡಾಡುತ್ತಿದ್ದವು.

ಕೊಚ್ಚಿಯಿಂದ ರೈಲು, ಬೆಂಗಳೂರಿನಿಂದ ಚಿಂತಾಮಣಿ ಬಸ್ಸು. ಎಚ್ ಕ್ರಾಸಿನಲ್ಲಿ ಷಡ್ಡಕ, ನಾದಿನಿ ಇಳಿದರು. ಕೈವಾರ ಕ್ರಾಸಿಗೆ ನಾವು ಬಂದಾಗ ರಾತ್ರಿ ಒಂಬತ್ತೂವರೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ನನ್ನಾಕೆ ಕೆಳಗಿದ್ದಳು. ಒಂದೇ ಒಂದು ಆಟೊ ಇತ್ತು. "ಇನ್ನಿಬ್ಬರು ಬರ್ಲಿ ಸಾರ್, ಹೊರಡೋಣ" ಎಂದ ಹುಡುಗ. ಕೂತೆವು. ಹಗಲಲ್ಲಿ ನಮ್ಮೂರಿಗೆ ತಲೆಗೆ ಇಪ್ಪತ್ತು ರೂಪಾಯಿ. ಒಂಬತ್ತರ ಮೇಲೆ ನಲವತ್ತು.