ವಿಶ್ರಾಂತಿ ಮೀಮಾಂಸೆ ಅರ್ಥಾತ್ ಟವೆಲ್ ಪ್ರಕರಣ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಬಾಗಿಲಲ್ಲೇ ಹೇಳಿಬಿಡಬೇಕು. ಇಲ್ಲಿ ವಿಷಯ: ಸ್ಪೇನ್ ದೇಶದ ಅಲಿಕಾಂತೆ ಪ್ರಾಂತ್ಯದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಬೆನಿದೋರ್ಮ್ ಎಂಬ ಊರಿನಲ್ಲಿ, ಆಗಸ್ಟ್ ತಿಂಗಳ ಏಳು ದಿನ ಏನೂ ಮಾಡದೆ ಇರುವುದು. ಅಧಿಕಾರಿ: ವರ್ಷವಿಡೀ ದಣಿದು, ಆ ದಣಿವನ್ನು ವಿಮಾನದಲ್ಲಿ ಹೊತ್ತೊಯ್ದು ಮರಳಿನ ಮೇಲೆ ಇಳಿಸಲು ದುಡ್ಡು ಕೊಡಬಲ್ಲವನು. ಸಂಬಂಧ: ದುಡ್ಡು ಕೊಟ್ಟವಳು ಇಂಗ್ಲೆಂಡಿನಲ್ಲಿರುವ ಮಗಳು. ಪ್ರಯೋಜನ: ಹೆಂಡತಿಯನ್ನು ಕೇಳಬೇಕು. ಅದು ಅವಳಿಗೆ ಸಿಕ್ಕಿತು. ನನಗೆ ಸಿಕ್ಕಿದ್ದು ಈ ಪ್ರಬಂಧ.

ಮೊದಲು ನಿರುಕ್ತ. ಲ್ಯಾಟಿನ್ನಿನಲ್ಲಿ 'ಬೆನೆ' ಎಂದರೆ ಚೆನ್ನಾಗಿ, 'ದೋರ್ಮಿರೆ' ಎಂದರೆ ನಿದ್ರಿಸುವುದು. ಆದ್ದರಿಂದ ಬೆನಿದೋರ್ಮ್ ಎಂದರೆ ಸುಖನಿದ್ರಾಪುರ ಎಂದು ಮೊದಲನೆಯ ದಿನವೇ ಟಿಪ್ಪಣಿ ಬರೆದಿಟ್ಟೆ. ಇದಕ್ಕೆ ಎರಡು ಬಾಧಕಗಳಿವೆ. ಒಂದು, ಆ ಸೀಮೆಯಲ್ಲಿ 'ಬೆನಿ' ಎಂದು ಶುರುವಾಗುವ ಊರುಗಳು ಸಾಲುಸಾಲಾಗಿವೆ. ಅದು ವಂಶದವರು, ಮಕ್ಕಳು ಎಂಬರ್ಥದ ಅರಬ್ಬಿ ಮಾತು. ಎರಡು, ನಮ್ಮ ಹೋಟೆಲಿನ ಕೆಳಗಿನ ಬೀದಿಯಲ್ಲಿ ಬೆಳಗಿನ ಜಾವ ನಾಲ್ಕರವರೆಗೂ ಯಾರೂ ಮಲಗಿರಲಿಲ್ಲ. ಮೊದಲನೆಯ ಬಾಧಕವನ್ನು ಪಂಡಿತನಾದವನು ಹೇಗಾದರೂ ಜಾರಿಸಿಬಿಡಬಲ್ಲ. ಎರಡನೆಯದಕ್ಕೆ ಕಿವಿಗೆ ಹತ್ತಿ ತುರುಕಿಕೊಳ್ಳಬೇಕಾಯಿತು.

ಇನ್ನು ಸ್ಥಳಪುರಾಣ. ಊರಿನ ಹಿಂದೆ 1,400 ಮೀಟರಿಗಿಂತ ಎತ್ತರದ ಪುಚ್ ಕಂಪಾನಾ ಬೆಟ್ಟವಿದೆ. ಅದರ ನೆತ್ತಿಯ ಪಕ್ಕದಲ್ಲಿ ಯಾರೋ ಕತ್ತರಿಸಿ ತೆಗೆದಂಥ ಚೌಕನೆಯ ಕಚ್ಚು. ಊರಿನ ಎದುರು ಸಮುದ್ರದಲ್ಲಿ ಒಂದು ತ್ರಿಕೋನಾಕಾರದ ದ್ವೀಪ. ರೋಲ್ದಾನ್ ಎಂಬ ದೈತ್ಯನ ಪ್ರಿಯತಮೆ ಸೂರ್ಯನ ಕಡೆಯ ಕಿರಣ ಮರೆಯಾದಾಗ ಸಾಯುವವಳಿದ್ದಳಂತೆ. ಸೂರ್ಯ ಬೆಟ್ಟದ ಹಿಂದೆ ಇಳಿಯುವುದನ್ನು ಕಂಡು ದೈತ್ಯ ಬೆಟ್ಟದ ಒಂದು ತುಂಡನ್ನೇ ಹಾರಿಸಿದ. ಆ ಸಂದಿಯಿಂದ ಇನ್ನಷ್ಟು ಹೊತ್ತು ಬಿಸಿಲು ಬಿತ್ತು. ಹಾರಿದ ತುಂಡು ನೀರಿಗೆ ಬಿದ್ದು ದ್ವೀಪವಾಯಿತು. ನಮ್ಮ ಪುರಾಣಗಳಲ್ಲಿ ಬೆಟ್ಟ ಎತ್ತಿದವರು, ಹೊತ್ತವರು, ಕಡೆದವರು ಬೇಕಾದಷ್ಟು ಜನ. ಹತ್ತು ನಿಮಿಷದ ಬಿಸಿಲಿಗಾಗಿ ಬೆಟ್ಟ ಕೊಯ್ದವನು ನನಗೆ ಇಲ್ಲೇ ಸಿಕ್ಕಿದ್ದು.

ಪ್ರಬಂಧದ ಪ್ರತಿಜ್ಞೆ ಇಲ್ಲಿಂದ ಹುಟ್ಟುತ್ತದೆ: ಬೆನಿದೋರ್ಮಿನ ಸಕಲ ಚರಿತ್ರೆಯೂ ಬಿಸಿಲನ್ನು ಎಳೆದು ಹಿಗ್ಗಿಸುವ ಪ್ರಯತ್ನ. ರೋಲ್ದಾನ್ ಬೆಟ್ಟ ಕೊಯ್ದ. ಸರ್ಕಾರ 1940ರಲ್ಲಿ ಗಡಿಯಾರ ತಿರುಗಿಸಿತು. ಗ್ರೀನಿಚ್ ರೇಖೆ ಈ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಆದರೆ ಗಡಿಯಾರ ಮಾತ್ರ ಬರ್ಲಿನ್ನಿನದು. ಅದರ ಮೇಲೆ ಬೇಸಿಗೆಯ ಇನ್ನೊಂದು ಗಂಟೆ. ಫಲವಾಗಿ ನೆತ್ತಿಯ ಮೇಲೆ ಸೂರ್ಯ ಬರುವುದು ಮಧ್ಯಾಹ್ನ ಎರಡಕ್ಕೆ, ಆಗಸ್ಟ್ ಮೊದಲಲ್ಲಿ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಸ್ಪ್ಯಾನಿಷರು ಎರಡೂವರೆಗೆ ಊಟಕ್ಕೆ ಕೂರುತ್ತಾರೆ, ಸೋಮಾರಿಗಳು ಎಂದು ಹಂಗಿಸುವ ಪ್ರವಾಸಿಗಳು ಪಂಚಾಂಗ ನೋಡಿದವರಲ್ಲ. ಅವರು ಹೊತ್ತಿಗೆ ಸರಿಯಾಗಿಯೇ ಉಣ್ಣುತ್ತಾರೆ. ಹೊತ್ತು ತಪ್ಪಿರುವುದು ಗಡಿಯಾರ. ಸಾಯಂಸಂಧ್ಯೆ ಮುಗಿಸಿಯೇ ರಾತ್ರಿಯೂಟ ಎಂಬ ನಿಯಮವುಳ್ಳವರು ಮಾತ್ರ ಇಲ್ಲಿ ಹಸಿವಿನಿಂದ ಕಂಗಾಲಾಗುತ್ತಾರೆ. ನಾನು ಮೂರನೆಯ ದಿನ ನಿಯಮ ಬಿಟ್ಟೆ.

ಬಿಸಿಲನ್ನು ಹಿಗ್ಗಿಸುವ ಮೂರನೆಯ ಉಪಾಯ ಬಟ್ಟೆಯನ್ನು ಕುಗ್ಗಿಸುವುದು. 1950ರ ದಶಕದ ಮೊದಲಲ್ಲಿ, ಫ್ರಾಂಕೋನ ಸರ್ವಾಧಿಕಾರದ ಕಾಲದಲ್ಲಿ, ಪೇದ್ರೊ ಸರಗೋಸಾ ಎಂಬ ಮೇಯರ್ ಇಲ್ಲಿ ಬಿಕಿನಿಗೆ ಅನುಮತಿ ಕೊಟ್ಟ. ಧರ್ಮದಿಂದ ಬಹಿಷ್ಕರಿಸುವ ಬೆದರಿಕೆ ಬಂತು. ಆತ ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್ಡಿಗೇ ಹೋಗಿ ಫ್ರಾಂಕೋನನ್ನು ಕಂಡು ಬಂದ ಎಂಬುದು ಊರವರು ಇಂದಿಗೂ ಹೇಳುವ ಕಥೆ. ಸುಮಾರು 450 ಕಿಲೋಮೀಟರ್, ಆಗಿನ ರಸ್ತೆ, ಆಗಿನ ಸ್ಕೂಟರ್. ಆ ಪ್ರಯಾಣದಲ್ಲಿ ಅವನ ಸೊಂಟಕ್ಕೆ ಏನಾಯಿತು ಎಂಬ ಬಗ್ಗೆ ಇತಿಹಾಸಕಾರರ ಮೌನ ಅಕ್ಷಮ್ಯ. ಇಡೀ ಯೂರೋಪು ಇಂದು ಅಲ್ಲಿ ಬೆನ್ನು ನೀಡಿ ಮಲಗಿರುವುದು ಒಬ್ಬನ ಬೆನ್ನುನೋವಿನ ಪುಣ್ಯದಿಂದ. ಬಲೆ ಹಾಕಿ ಟ್ಯೂನಾ ಹಿಡಿಯುವುದರಲ್ಲಿ ಹೆಸರಾಗಿದ್ದ ಬೆಸ್ತರ ಊರಿಗೆ 1956ರಲ್ಲಿ ನಗರ ಯೋಜನೆ ಬಂತು, ಆಮೇಲೆ ಗೋಪುರಗಳು ಎದ್ದವು. 2002ರಲ್ಲಿ ತೆರೆದ ಬಾಲಿ ಹೋಟೆಲು 186 ಮೀಟರ್ ಎತ್ತರ. ಇನ್ನೊಂದು, 47 ಅಂತಸ್ತಿನ ಇಂಟೆಂಪೊ; ಅದಕ್ಕೆ ಲಿಫ್ಟ್ ಇಡುವುದನ್ನೇ ಮರೆತರು ಎಂದು 2013ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಸುದ್ದಿ ಸುಳ್ಳು. ಆದರೂ ಹೇಳುವವರು ಬಿಟ್ಟಿಲ್ಲ. ಹತ್ತಿಳಿದು ಬಂದವರೂ ಹೇಳುತ್ತಾರೆ.

ಈಗ ಶಾಸ್ತ್ರದ ಹೃದಯಭಾಗ.

ಖಾಯಂ ನಿವಾಸಿಗಳು 70 ಸಾವಿರದ ಆಸುಪಾಸು. ಆಗಸ್ಟಿನಲ್ಲಿ ಅದರ ಹಲವು ಪಟ್ಟು ಜನ. ಸೂರ್ಯ ಹುಟ್ಟುವ ದಿಕ್ಕಿನ ಹೆಸರು ಹೊತ್ತ ಲೆವಾಂತೆ ಕಡಲತೀರ ಎರಡು ಕಿಲೋಮೀಟರ್, ಮುಳುಗುವ ದಿಕ್ಕಿನ ಪೊನಿಯೆಂತೆ ಮೂರು. ಹೀಗಾಗಿ ನೀರಿನಂಚಿನ ಮೊದಲ ಸಾಲು ಯಾರದು ಎಂಬುದು ಇಲ್ಲಿ ಪರಮಪ್ರಶ್ನೆ. ಬಿಸಿಲನ್ನು ಹಿಗ್ಗಿಸುವ ನಾಲ್ಕನೆಯ ಉಪಾಯ ಇದೇ: ಅದು ಹುಟ್ಟುವ ಮೊದಲೇ ಹಿಡಿದಿಟ್ಟುಕೊಳ್ಳುವುದು. ಬೆಳಗಿನ ಜಾವ ಒಬ್ಬ ಬಂದು ಟವೆಲ್ ಹಾಸಿ, ಕೊಡೆ ನೆಟ್ಟು, ಮತ್ತೆ ಹೋಗಿ ಮಲಗುತ್ತಾನೆ.

ಪೂರ್ವಪಕ್ಷ ಹೀಗೆ: ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಟವೆಲ್ ಇದ್ದಲ್ಲಿ ಒಡೆಯನಿದ್ದಾನೆ. ಇದು ನಿಲ್ಲದು. ಹೊಗೆ ಬೆಂಕಿಯನ್ನು ಬಿಟ್ಟು ಉಪಾಹಾರಕ್ಕೆ ಹೋಗುವುದಿಲ್ಲ. ಟವೆಲ್ ಏಳಕ್ಕೆ ಬಂದು ಒಡೆಯ ಹನ್ನೊಂದಕ್ಕೆ ಬಂದರೆ ನಡುವಿನ ನಾಲ್ಕು ಗಂಟೆ ಹೇತುವಿಗೆ ವ್ಯಭಿಚಾರ ದೋಷ ತಗಲುತ್ತದೆ. (ಮಗಳು ಇದನ್ನು ಮೆಲ್ಲಗೆ ಓದಿ ಎಂದಳು, ಪಕ್ಕದಲ್ಲಿ ಕನ್ನಡದವರಿದ್ದರಂತೆ.) ಜರ್ಮನ್ನರು ಮೊದಲು ಹಾಸುತ್ತಾರೆ ಎಂದು ಇಂಗ್ಲಿಷರ ದೂರು, ಇಂಗ್ಲಿಷರು ಎಂದು ಜರ್ಮನ್ನರ ದೂರು. ಏಳು ದಿನ ಪ್ರತ್ಯಕ್ಷ ಪ್ರಮಾಣದಿಂದ ಪರೀಕ್ಷಿಸಿ ಹೇಳುತ್ತೇನೆ: ಇಬ್ಬರಿಗೂ ಮೊದಲು ಬರುವವರು ಎಪ್ಪತ್ತು ದಾಟಿದ ಸ್ಪ್ಯಾನಿಷ್ ತಾತಂದಿರು. ಅವರಿಗೆ ಹೇಗೂ ನಿದ್ದೆ ಬರದು.

ಧರ್ಮಶಾಸ್ತ್ರಗಳೂ ಇದರಲ್ಲಿ ಕೈಹಾಕಿವೆ. ಅದೇ ಕರಾವಳಿಯ ಕಾಲ್ಪೆ ಊರಿನ ಆಡಳಿತ, ಬೆಳಗ್ಗೆ 9:30ರ ಮೊದಲು ಒಡೆಯನಿಲ್ಲದ ಕುರ್ಚಿ, ಕೊಡೆ ಕಂಡರೆ ಎತ್ತಿಕೊಂಡು ಹೋಗಿ 250 ಯೂರೋ ದಂಡ ಹಾಕುವುದಾಗಿ ಸಾರಿದೆ. ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಒರಗುಕುರ್ಚಿ ಸಿಗದೆ ರಜೆ ಹಾಳಾಯಿತೆಂದು ದಾವೆ ಹೂಡಿದ ಜರ್ಮನ್ ಪ್ರವಾಸಿಗೆ ಹಾನೋವರ್‌ನ ನ್ಯಾಯಾಲಯ 300 ಯೂರೋಗಿಂತ ಹೆಚ್ಚು ಪರಿಹಾರ ಕೊಡಿಸಿತು. ಇಷ್ಟು ದೊಡ್ಡ ನ್ಯಾಯಾಧೀಶರು ತಲೆಕೆಡಿಸಿಕೊಳ್ಳುವಾಗ, ಟವೆಲ್ಲಿನ ಆದ್ಯ ಪ್ರವರ್ತಕರಾದ ನಮ್ಮನ್ನು ಒಂದು ಮಾತು ಕೇಳಬೇಕಿತ್ತು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ವಿದ್ಯೆ ಕಲಿಯದ ಕನ್ನಡಿಗ ಯಾರು? ನಮ್ಮಲ್ಲಿ ಇದರ ವ್ಯಾಕರಣ ಪೂರ್ಣವಾಗಿದೆ: ಟವೆಲ್ಲಿಗಿಂತ ಚೀಲ ಬಲವತ್ತರ, ಚೀಲಕ್ಕಿಂತ ಮಗು ಬಲವತ್ತರ, ಎಲ್ಲಕ್ಕಿಂತ ಮೊದಲೇ ಕೂತವರು ಬಲವತ್ತರ.

ಪ್ರಸಂಗವಶಾತ್ ಒಂದು ಸಂಶೋಧನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದ್ದುಂಟು. ಅದರಲ್ಲಿ ಮಲ್ಪೆಯ ಹೆಸರನ್ನೂ ಕಂಡವರಿದ್ದಾರೆ. ಕಥೆ ನಡೆಯುವುದು ಕಡಲತೀರದಲ್ಲಿ. ನೀರು ಬೆರೆಸದ ಮದ್ಯ ಕುಡಿಸಿ ರಾಜನನ್ನು ಮಲಗಿಸಿ ಸೆರೆಯಾಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಬೆನಿದೋರ್ಮಿನ ಸಂಜೆಗಳನ್ನು ಕಂಡವರಿಗೆ ಮೇಲಿನ ಹೋಲಿಕೆ ಸಾಕು. ಸಾಲದವರಿಗೆ: ಲೆವಾಂತೆಗೂ ಪೊನಿಯೆಂತೆಗೂ ನಡುವೆ ಮಾಲ್ ಪಾಸ್ ಎಂಬ ಪುಟ್ಟ ತೀರವಿದೆ. ಮಾಲ್ ಪಾಸಿನ ತಲೆಯನ್ನೂ ಕಾಲ್ಪೆಯ ಬಾಲವನ್ನೂ ಕೂಡಿಸಿದರೆ ಬರುವುದು ಏನು? ಆ ಹಿರಿಯರಿಬ್ಬರೂ ಇದ್ದಿದ್ದರೆ ನನ್ನನ್ನು ಕೋಣೆಯಿಂದ ಆಚೆ ಕಳಿಸುತ್ತಿದ್ದರು, ಗೊತ್ತು.

ವಿಶ್ರಾಂತಿಯ ಪ್ರತ್ಯಕ್ಷಾನುಭವದ ಬಗ್ಗೆ ಬರೆಯುವುದು ಕಡಿಮೆ. ನಾನು ದಿನಕ್ಕೆ ಎರಡು ಸಲ ತೀರದ ಉದ್ದಕ್ಕೂ ನಡೆದು ಟವೆಲ್ ಎಣಿಸಿದೆ, ಬೆವರಿದೆ, ಮೂಗಿನ ಸಿಪ್ಪೆ ಸುಲಿಸಿಕೊಂಡೆ. ಹೆಂಡತಿ ಎರಡನೆಯ ದಿನವೇ ಪೊನಿಯೆಂತೆಯಲ್ಲಿ ಸ್ಪ್ಯಾನಿಷ್ ಅಜ್ಜಿಯರ ಗುಂಪು ಸೇರಿದಳು. ಅವರು ಮಡಿಸುವ ಕುರ್ಚಿಗಳನ್ನು ನೀರಿನಂಚಿನಲ್ಲಿ ದುಂಡಗೆ ಹಾಕಿ, ಅಲೆ ಪಾದ ತೊಳೆಯುವಂತೆ ಕೂತು, ಊಟದ ಹೊತ್ತಿನವರೆಗೆ ಮಾತಾಡುತ್ತಾರೆ. ಇವಳು ಕನ್ನಡದಲ್ಲಿ, ಅವರು ಅವರದರಲ್ಲಿ. ಪಯೇಯಾದ ಅನ್ನ ಬಾಣಲೆಯ ತಳ ಹಿಡಿದರೆ ಅದನ್ನು 'ಸೊಕರ್‍ರಾತ್' ಎಂದು ಕರೆದು ಕಿತ್ತಾಡಿ ತಿನ್ನುತ್ತಾರೆ ಎಂಬುದನ್ನು ಅಲ್ಲಿಂದಲೇ ತಿಳಿದುಕೊಂಡು ಬಂದಳು. "ನಲವತ್ತು ವರ್ಷ ತಳ ಸೀಸಿದ್ದಕ್ಕೆ ಬೈದಿರಲ್ಲ, ಈಗ ಹೇಳಿ," ಎಂದಳು. ನಾನು ಟಿಪ್ಪಣಿ ಪುಸ್ತಕ ತೆಗೆದೆ. "ಏನೂಂದ್ರೆ, ಅದನ್ನ ಮುಚ್ಚಿಟ್ಟು ಒಂದ್ಸಲ ಕಾಲು ನೀರಿಗೆ ಇಡಿ," ಎಂದಳು.

ಇಟ್ಟೆ. ತಣ್ಣಗಿತ್ತು. ಎಷ್ಟು ಡಿಗ್ರಿ ಇರಬಹುದು ಎಂದು ಯೋಚಿಸುತ್ತ ತೆಗೆದೆ.

ಊರಿಗೆ ಮರಳಿದ ವಾರದಲ್ಲೇ ಸಿದ್ಧಾಂತವನ್ನು ಪ್ರಯೋಗಕ್ಕೆ ಒಡ್ಡುವ ಸಂದರ್ಭ ಬಂತು. ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು, ಬಾಗಿಲಲ್ಲಿ ನೂಕುನುಗ್ಗಲು. ಬೆನಿದೋರ್ಮಿನಲ್ಲಿ ಕೊಂಡ, ಕರಿಯ ಗೂಳಿಯ ಚಿತ್ರವಿದ್ದ ದೊಡ್ಡ ಟವೆಲ್ಲನ್ನು ಕಿಟಕಿಯಿಂದ ಒಳಗೆ ತೂರಿಸಿ, ಖಾಲಿ ಸೀಟಿನ ಮೇಲೆ ಹರವಿ, ನಿಶ್ಚಿಂತೆಯಿಂದ ಬಾಗಿಲ ಕಡೆ ಹೊರಟೆ. ಒಬ್ಬ ಅಜ್ಜಿ ಅದಾಗಲೇ ಒಳಗೆ ಬಂದಿದ್ದರು. ಟವೆಲ್ ಎತ್ತಿದರು, ಅದರಿಂದಲೇ ಸೀಟಿನ ಧೂಳು ಚೆನ್ನಾಗಿ ಒರೆಸಿದರು, ಕೂತರು, ಆಮೇಲೆ ಕಿಟಕಿಯಿಂದ ಕೈ ಚಾಚಿದರು.

"ನಿಂದೇನಪ್ಪಾ ಇದು? ತಗೋ."